ಆರು ಕಿಲೋ ಮೀನಿಗೆ ಒಂದು ಕಿಲೋ: ರೋಸ್ಟ್ ದ್ವೀಪದ ಲೆಕ್ಕ

ನಾರ್ವೆಯಲ್ಲಿ ಈಗ 357 ಪುರಸಭೆಗಳಿವೆ. ತೀರಾ ಚಿಕ್ಕವುಗಳ ಸಾಲಿನಲ್ಲಿ ನಿಲ್ಲುವುದು ರೋಸ್ಟ್. ಉತ್ತರ ಕರಾವಳಿಯ ಲೋಫೋಟೆನ್ ದ್ವೀಪಮಾಲೆಯ ಕಟ್ಟಕಡೆಯ ತುದಿ, 67.5 ಡಿಗ್ರಿ ಉತ್ತರ ಅಕ್ಷಾಂಶ, ಅಂದರೆ ಆರ್ಕ್ಟಿಕ್ ವೃತ್ತದಿಂದಲೂ ಆಚೆ. ನೆಲ ಸುಮಾರು 10 ಚದರ ಕಿಲೋಮೀಟರ್, ಜನ 500ಕ್ಕೂ ಕಡಿಮೆ. ದಿನಕ್ಕೊಂದರಂತೆ 365 ದ್ವೀಪಗಳಿವೆ ಎಂಬ ಮಾತು ರೂಢಿಯಲ್ಲಿದೆ. ಯಾವುದನ್ನು ದ್ವೀಪ, ಯಾವುದನ್ನು ಬರೀ ಬಂಡೆ ಎಂದು ಎಣಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ, ಬಿಡಿ. ಜನ ವಾಸವಿರುವ ಮುಖ್ಯ ದ್ವೀಪದ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಹತ್ತು ಹನ್ನೆರಡು ಮೀಟರ್ ಅಷ್ಟೇ.

1928ರಲ್ಲಿ ಪಕ್ಕದ ವೇರೋಯ್‌ನಿಂದ ಬೇರೆಯಾಗಿ ಇದು ಸ್ವತಂತ್ರ ಪುರಸಭೆಯಾಯಿತು. ಜನ ಎಷ್ಟೇ ಇರಲಿ, ಶಾಲೆ, ವೈದ್ಯರು, ವೃದ್ಧರ ಆರೈಕೆ ಇವನ್ನು ಕಾನೂನು ಪ್ರಕಾರ ಪುರಸಭೆಯೇ ಒದಗಿಸಬೇಕು. ಸರ್ಕಾರದ ಅನುದಾನವಿಲ್ಲದೆ ಇದು ನಡೆಯುವ ಮಾತಲ್ಲ. ಸಂಚಾರದ ಖರ್ಚೂ ಬಹುಪಾಲು ಸರ್ಕಾರದ್ದೇ. 1986ರಿಂದ ವಿಮಾನ ನಿಲ್ದಾಣವಿದೆ. 39 ಆಸನಗಳ ವಿಮಾನ ಸಹಾಯಧನದ ಬಲದಲ್ಲಿ ಬೂಡೋ ನಗರಕ್ಕೆ ಹಾರುತ್ತದೆ. ಬೂಡೋ ಫೆರ್ರಿಗೆ 2023ರಿಂದ ಟಿಕೆಟ್ ದರವೇ ಇಲ್ಲ. ಖಜಾನೆ ಇಷ್ಟೆಲ್ಲ ಸುರಿಯುವುದು ವ್ಯರ್ಥ ಎನ್ನುವವರು ಈ ದ್ವೀಪದ ಮೀನಿನ ಲೆಕ್ಕವನ್ನೂ ನೋಡಬೇಕು.

ಯಕೃತ್ತಿನ ಎಣ್ಣೆಯ ಗುಳಿಗೆಯಿಂದಾಗಿ ನಮಗೂ ಹೆಸರು ಗೊತ್ತಿರುವ ಕಾಡ್ ಮೀನು ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಲೋಫೋಟೆನ್‌ಗೆ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ರೋಸ್ಟ್‌ನಲ್ಲಿ ಅದನ್ನು ಗಾಳಿಗೆ ಒಣಗಿಸುತ್ತಾರೆ. ದೋಣಿಯಿಂದ ಇಳಿದದ್ದು 100 ಕಿಲೋ ಎಂದಿಟ್ಟುಕೊಳ್ಳಿ. ತಲೆ ಕತ್ತರಿಸಿ ಹೊಟ್ಟೆ ಸ್ವಚ್ಛ ಮಾಡಿದರೆ ಉಳಿಯುವುದು ಮೂರರಲ್ಲಿ ಎರಡು ಪಾಲು, ಸುಮಾರು 67 ಕಿಲೋ. ಅದರಲ್ಲಿ ನೀರೇ ಶೇ 80. ಗಟ್ಟಿ ಅಂಶ 13 ಕಿಲೋ ಚಿಲ್ಲರೆ. ಎಷ್ಟು ಒಣಗಿದರೂ ಶೇ 15ರಷ್ಟು ತೇವ ಉಳಿಯುವುದರಿಂದ ಕೊನೆಗೆ ತಕ್ಕಡಿಗೆ ಬರುವುದು ಹೆಚ್ಚುಕಮ್ಮಿ 16 ಕಿಲೋ. ಗಾಳಿ ಹೊತ್ತೊಯ್ದದ್ದು 51 ಕಿಲೋ ನೀರು. ನಾಲ್ಕು ಕಿಲೋ ತೂಗುವ ಮೀನು ಒಣಗಿ ನಿಂತಾಗ ಮುಕ್ಕಾಲು ಕಿಲೋ ಕೂಡ ಇರುವುದಿಲ್ಲ.

ಇಷ್ಟು ನೀರು ತೆಗೆಯಲು ಇಂಧನದ ಖರ್ಚು ಸೊನ್ನೆ. ನಮ್ಮ ಕರಾವಳಿಯ ಒಣಮೀನಿಗೆ ಸಾಮಾನ್ಯವಾಗಿ ಬೇಕಾಗುವ ಉಪ್ಪೂ ಇಲ್ಲಿ ಬೇಡ. ಎರಡೆರಡು ಮೀನಿನ ಬಾಲ ಜೋಡಿಸಿ ಕಟ್ಟಿ, ಮರದ ಅಟ್ಟಣೆಯ ಗಳುಗಳ ಮೇಲೆ ಇಳಿಬಿಟ್ಟರೆ ಫೆಬ್ರವರಿಯಿಂದ ಮೇವರೆಗೆ ಉಳಿದದ್ದೆಲ್ಲ ಹವಾಮಾನದ ಕೆಲಸ. ಬೆಚ್ಚನೆಯ ಸಾಗರ ಪ್ರವಾಹದ ದೆಸೆಯಿಂದ ಇಷ್ಟು ಉತ್ತರದಲ್ಲೂ ಚಳಿಗಾಲದ ಸರಾಸರಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ತೀರಾ ಹೆಪ್ಪುಗಟ್ಟಿದರೆ ಹಿಮದ ಹರಳು ಮಾಂಸದ ಎಳೆ ಹರಿಯುತ್ತದೆ. ಬಿಸಿಲೇರಿದರೆ ನೊಣ ಮೊಟ್ಟೆಯಿಡುತ್ತದೆ. ಎರಡರ ನಡುವಿನ ಕೆಲವೇ ಡಿಗ್ರಿಗಳಲ್ಲಿ ಊರಿನ ವರ್ಷದ ಗಳಿಕೆ ಅಡಗಿದೆ.

ಆಮೇಲೆ ಎರಡು ಮೂರು ತಿಂಗಳು ಗೋದಾಮಿನಲ್ಲಿ ಹದಗೊಳ್ಳಬೇಕು. ಕೊನೆಗೆ ದರ್ಜೆ ನೋಡುವವನ ಸರದಿ. ಒಂದೊಂದು ಮೀನನ್ನೂ ಕೈಗೆತ್ತಿ, ಕುತ್ತಿಗೆಯ ಒಳಗೆ ಇಣುಕಿ, ಮೂಸಿ, ಸುಮಾರು 20 ದರ್ಜೆಗಳಲ್ಲಿ ಒಂದಕ್ಕೆ ಹಾಕುತ್ತಾನೆ. ಈ ಕೆಲಸಕ್ಕೆ ಕಣ್ಣು, ಮೂಗು ಮತ್ತು ಅನುಭವವೇ ಉಪಕರಣ. ಮೇಲ್ದರ್ಜೆಯದು ಬಹುಪಾಲು ಇಟಲಿಗೆ. ಮೊದಲೇ ಬೇರೆಯಾದ ಮೂರನೇ ಒಂದು ಪಾಲೂ ಹಾಳಲ್ಲ: ತಲೆಗಳನ್ನು ಒಣಗಿಸಿ ನೈಜೀರಿಯಕ್ಕೆ ಕಳಿಸುತ್ತಾರೆ, ಯಕೃತ್ತು ಎಣ್ಣೆಗೆ, ಮೊಟ್ಟೆ ಅಡುಗೆಗೆ. ನಾಲಿಗೆ ಕತ್ತರಿಸುವುದು ಉತ್ತರ ನಾರ್ವೆಯಲ್ಲಿ ಮಕ್ಕಳ ಪಾಲಿನ ಕೆಲಸ. ಶಾಲೆ ಬಿಟ್ಟ ಮೇಲೆ ಚಾಕು ಹಿಡಿದು ನಿಂತು ಕೈಖರ್ಚು ಸಂಪಾದಿಸುತ್ತಾರೆ.

ಇಟಲಿಯ ನಂಟು ಹಳೆಯದು. 1431ರಲ್ಲಿ ಕ್ರೀಟ್‌ನಿಂದ ಹೊರಟ ವೆನಿಸ್‌ನ ಪಿಯೆತ್ರೊ ಕ್ವೆರಿನಿಯ ಹಡಗಿನಲ್ಲಿ 68 ಜನ ಇದ್ದರು. ಬಿರುಗಾಳಿಗೆ ಸಿಕ್ಕಿ ಹಡಗು ಕಳೆದುಕೊಂಡು, 1432ರ ಜನವರಿಯಲ್ಲಿ ರೋಸ್ಟ್ ತಲುಪಿ ಬದುಕಿದವರು 11. ಆಗ ಊರಿನಲ್ಲಿದ್ದವರು 120 ಜನ ಎಂದು ಕ್ವೆರಿನಿ ಬರೆದಿಟ್ಟಿದ್ದಾನೆ. ಆರು ಶತಮಾನಗಳಲ್ಲಿ ಜನಸಂಖ್ಯೆ ನಾಲ್ಕು ಪಟ್ಟಾಗಿದೆ, ಅಷ್ಟೇ. ಕಸುಬು ಮಾತ್ರ ಬದಲಾಗಿಲ್ಲ.

ಬದಲಾಗುತ್ತಿರುವುದು ಮೀನಿನ ಪ್ರಮಾಣ. ನಾರ್ವೆ ಮತ್ತು ರಷ್ಯ ಸೇರಿ ನಿಗದಿ ಮಾಡುವ ಬ್ಯಾರೆಂಟ್ಸ್ ಸಮುದ್ರದ ಕಾಡ್ ಕೋಟಾ 2021ರಲ್ಲಿ 8,85,600 ಟನ್ ಇತ್ತು. 2025ಕ್ಕೆ 3,40,000 ಟನ್. ಶೇ 61ಕ್ಕೂ ಹೆಚ್ಚು ಕಡಿತ, ಅದೂ ನಾಲ್ಕೇ ವರ್ಷದಲ್ಲಿ. ಹಕ್ಕಿಗಳ ಲೆಕ್ಕವೂ ಹಿತವಾಗಿಲ್ಲ: ಹೆರಿಂಗ್ ಮರಿಗಳನ್ನು ನಂಬಿದ ಪಫಿನ್‌ಗಳು 1979ರ ಹೊತ್ತಿಗೆ ಇಲ್ಲಿ 15 ಲಕ್ಷ ಜೋಡಿಯ ಹತ್ತಿರ ಇದ್ದವು, 2015ರ ಹೊತ್ತಿಗೆ 3 ಲಕ್ಷದ ಕೆಳಗೆ ಇಳಿದಿದ್ದವು. ಒಂದೇ ಮೀನನ್ನು ನೆಚ್ಚಿಕೊಂಡ ಊರಿಗೆ ಕಡಿತ ಕಷ್ಟವೇ. ಆದರೂ ಕೋಟಾ ಇಳಿಸಿದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಮೊಟ್ಟೆಯಿಡುವ ಮೀನೇ ಬರದಿದ್ದರೆ ಗಾಳಿ ಪುಕ್ಕಟೆ ಸಿಕ್ಕಿಯೂ ಪ್ರಯೋಜನವಿಲ್ಲ.

ಇಟಲಿಗೆ ಹೋದವರು ಅಂಗಡಿಯಲ್ಲಿ ಲೋಫೋಟೆನ್ ಒಣಮೀನಿನ ದರ ನೋಡಿ ಹುಬ್ಬೇರಿಸುವ ಮೊದಲು ಅದನ್ನು ಆರರಿಂದ ಭಾಗಿಸಿ ನೋಡಿ. ಹಸಿ ಮೀನಿನ ಬೆಲೆ, ಅರ್ಧ ವರ್ಷದ ಕಾಯುವಿಕೆ, ದರ್ಜೆಗಾರನ ಕೂಲಿ, ಸಾಗಣೆ ಎಲ್ಲ ಆ ಆರನೇ ಒಂದರಲ್ಲೇ ಹೊಂದಬೇಕು.