ಸ್ಮರಣಶಕ್ತಿಯ ಮಾತ್ರೆ: ಖರ್ಚು ಮತ್ತು ಪ್ರತಿಫಲ

ನಮ್ಮ ಸದಸ್ಯ ಸಂಸ್ಥೆಗಳಲ್ಲಿ ಇಂದಿಗೂ ಚೆಕ್ಕಿಗೆ ಸಹಿ ಹಾಕುವವರು ಅನೇಕ ಕಡೆ ಎಪ್ಪತ್ತು ದಾಟಿದ ಹಿರಿಯ ಪಾಲುದಾರರೇ. ಅವರು ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಪಾವತಿಸಿದರೆ ಮನೆಯವರು ಮೊದಲು ತರುವುದು ‘ನೆನಪಿನ ಶಕ್ತಿ’ಯ ಡಬ್ಬಿಯನ್ನು. ಈ ಖರ್ಚಿನ ಪ್ರತಿಫಲವನ್ನು ಪರಿಶೀಲಿಸುವುದು ಉಚಿತ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಾವಳಿಯಂತೆ ಆರೋಗ್ಯ ಪೂರಕಗಳ ಲೇಬಲ್ಲಿನಲ್ಲಿ ‘ಔಷಧೀಯ ಬಳಕೆಗೆ ಅಲ್ಲ’ ಎಂಬ ಸೂಚನೆ ಕಡ್ಡಾಯ. ಅರ್ಥಾತ್ ಕಾನೂನಿನ ದೃಷ್ಟಿಯಲ್ಲಿ ಇವು ಆಹಾರ, ಔಷಧವಲ್ಲ. ಅಮೆರಿಕದಲ್ಲಿ 75 ವರ್ಷ ಹಾಗೂ ಮೇಲ್ಪಟ್ಟ 3,069 ಮಂದಿಯನ್ನು ಸುಮಾರು ಆರು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಿಂಕೊ ಸಾರವು ಮರೆವಿನ ರೋಗವನ್ನು ತಡೆಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಗಿಂಕೊ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲದು. ಇಂತಹ ಸರಕು ಮಾರುವ ಸದಸ್ಯರು ಇದನ್ನು ಗಮನಿಸಬೇಕು. 2022ರ ‘ಕಾಸ್ಮಾಸ್-ಮೈಂಡ್’ ಪ್ರಯೋಗದಲ್ಲಿ ಮೂರು ವರ್ಷ ಬಹುವಿಟಮಿನ್ ಸೇವಿಸಿದವರಿಗೆ ಅಲ್ಪ ಪ್ರಯೋಜನ ಕಂಡಿತು, ಕೋಕೋ ಸಾರದಿಂದ ಕಾಣಲಿಲ್ಲ. ನಮ್ಮ ಒಂದೆಲಗದ ತಂಬುಳಿ ಊಟಕ್ಕೆ ಸೊಗಸು. ಅದನ್ನು ಚಿಕಿತ್ಸೆಯೆಂದು ಭಾವಿಸಬೇಕಿಲ್ಲ.

ನಿಜವಾಗಿ ಲೆಕ್ಕಕ್ಕೆ ಬರುವುದು ಬಿ12 ಜೀವಸತ್ವ. ಇದರ ಕೊರತೆಯಿಂದಲೇ ಮರೆವು, ಗೊಂದಲ, ಕಾಲು ಜೋಮು ಉಂಟಾಗಬಹುದು. ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ಇದು ದೊರೆಯುವುದು ದುರ್ಲಭ. ವಯಸ್ಸಾದಂತೆ ಜಠರಾಮ್ಲ ಕಡಿಮೆಯಾಗಿ ಹೀರಿಕೆಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆಯ ಸಂಭವ ಮತ್ತಷ್ಟು. ವರ್ತಕ ಸಮುದಾಯದಲ್ಲಿ ಈ ಮೂರೂ ಒಬ್ಬರಲ್ಲೇ ಕೂಡಿರುವುದು ಅಪರೂಪವಲ್ಲ. ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ವೈದ್ಯರು ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸುತ್ತಾರೆ. ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು. ಪರೀಕ್ಷಿಸದೆ ಫೋಲಿಕ್ ಆಮ್ಲ ಮಾತ್ರ ಸೇವಿಸುವುದು ಇನ್ನೂ ಕೆಟ್ಟದ್ದು: ರಕ್ತಹೀನತೆ ಮರೆಯಾಗಿ, ನರಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಥೈರಾಯ್ಡ್ ದೋಷ, ಖಿನ್ನತೆ, ಕಿವುಡುತನಗಳೂ ಮರೆವಿನಂತೆ ತೋರುವುದರಿಂದ ವೈದ್ಯರ ತಪಾಸಣೆ ಅಗತ್ಯ. ಕೊರತೆ ಇಲ್ಲದವರಿಗೆ ಹೆಚ್ಚುವರಿ ಬಿ12ರಿಂದ ಬುದ್ಧಿ ಚುರುಕಾದೀತೆಂದು ನಿರೀಕ್ಷಿಸಲಾಗದು.

ಕಾರಣ ತಿಳಿಯುವವರೆಗೆ ಬ್ಯಾಂಕ್ ಖಾತೆಗೆ ಜಂಟಿ ಸಹಿಯ ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ. 1872ರ ಕರಾರು ಅಧಿನಿಯಮದ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಮನಸ್ಸು ಅಸ್ವಸ್ಥವಾದರೆ ಮುಖ್ತಿಯಾರುನಾಮೆಯೂ ಕೊನೆಗೊಳ್ಳುತ್ತದೆ. ಉಯಿಲು ಬರೆಯುವುದಕ್ಕೂ ಸ್ವಸ್ಥ ಚಿತ್ತ ಬೇಕು. ಆದುದರಿಂದ ಹಿರಿಯರು ಸಮರ್ಥರಾಗಿರುವಾಗಲೇ, ಅವರ ಸಮ್ಮತಿಯಿಂದ, ಪಾಲುದಾರಿಕೆ ಪತ್ರವನ್ನೂ ನಾಮನಿರ್ದೇಶನಗಳನ್ನೂ ಪರಿಷ್ಕರಿಸಿಕೊಳ್ಳತಕ್ಕದ್ದು.