ಡೊಮಿನಿಕಾ: ಕುದಿಯುವ ಸರೋವರದ ದ್ವೀಪ

ಕೆರಿಬಿಯನ್ ದ್ವೀಪವೆಂದೊಡನೆ ಬಿಳಿಮರಳಿನ ತೀರವನ್ನೇ ನೆನೆಯುವ ಪ್ರವಾಸಿಗೆ, ಗ್ವಾಡೆಲೂಪ್ ಮತ್ತು ಮಾರ್ಟಿನಿಕ್‌ಗಳ ನಡುವೆ, ಜ್ವಾಲಾಮುಖಿಗಳಿಂದ ರೂಪುಗೊಂಡು ದಟ್ಟವಾದ ಮಳೆಕಾಡನ್ನು ಹೊದ್ದು ನಿಂತಿರುವ ಡೊಮಿನಿಕಾ ಬೇರೊಂದು ಲೋಕವನ್ನೇ ತೆರೆದಿಡುತ್ತದೆ.

1997ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮಾರ್ನ್ ತ್ರ್ವಾ ಪಿತೋನ್ ರಾಷ್ಟ್ರೀಯ ಉದ್ಯಾನದೊಳಗೆ, ಗಂಧಕದ ವಾಸನೆ ಅಡರಿದ, ಆವಿಯುಗುಳುವ ಬೋಳುಕಣಿವೆಯೊಂದನ್ನು ದಾಟಿ, ಸುಮಾರು 3 ಗಂಟೆಗಳ ಕಠಿನವಾದ ಚಾರಣದ ತರುವಾಯ ಗೋಚರಿಸುವುದೇ ಕುದಿಯುವ ಸರೋವರ: ಭೂಗರ್ಭದ ಶಿಲಾರಸದ ತಾಪದಿಂದ ಮೇಲೇರುವ ಅನಿಲವೂ ಆವಿಯೂ, ಸುಮಾರು 60 ಮೀಟರ್ ಅಗಲದ ಆ ಬೂದುಬಣ್ಣದ ಜಲರಾಶಿಯನ್ನು ಒಲೆಯ ಮೇಲಿನ ಎಸರಿನಂತೆ ಕುದಿಸುತ್ತಿರುತ್ತವೆ. ಈ ನೀರಿಗೆ ಇಳಿಯುವಂತಿಲ್ಲ. ಮಾರ್ಗದರ್ಶಕರಿಲ್ಲದೆ ಹೊರಡುವುದೂ ವಿವೇಕವಲ್ಲ.

ಮರಳುವಾಗ, ದಣಿದ ಮೈಗೆ ಟಿಟೂ ಕಂದರದ ತಣ್ಣೀರಿನ ಈಜು ಹಿತಕರ. ರಾಜಧಾನಿ ರೋಸೋದ ದಕ್ಷಿಣಕ್ಕಿರುವ ಶಾಂಪೇನ್ ರೀಫ್‌ನಲ್ಲಿ, ಕಡಲ ತಳದ ಬಿರುಕುಗಳಿಂದೇಳುವ ಗುಳ್ಳೆಗಳ ನಡುವೆ ಸ್ನಾರ್ಕೆಲ್ ಧರಿಸಿ ತೇಲಬಹುದು. ಪಶ್ಚಿಮ ತೀರದ ಅಗಾಧವಾದ ಜಲದಲ್ಲಿ ವಿಹರಿಸುವ ಸ್ಪರ್ಮ್ ತಿಮಿಂಗಿಲಗಳನ್ನು ದೋಣಿಯಿಂದ ಕಾಣಬಹುದು. ನಡಿಗೆಯೇ ಪ್ರಿಯವಾದವರಿಗೆ, ದ್ವೀಪದುದ್ದಕ್ಕೂ 14 ಹಂತಗಳಲ್ಲಿ ಸಾಗುವ ವೈಟುಕುಬುಲಿ ಚಾರಣಪಥವುಂಟು. ಮಳೆ ಕಡಿಮೆಯಿರುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲವೇ ಇವೆಲ್ಲಕ್ಕೂ ಪ್ರಶಸ್ತವಾದುದು.