ಗುಡ್ಡದ ಮೇಲಿಂದ ‘ಬಸವಾ’ ಅಂದರೆ

ವಿಮಾನದಲ್ಲಿ ಮೊಬೈಲ್ ಚಾಲೂ ಇಟ್ಟರೆ ವಿಮಾನ ಬಿದ್ದೇಬಿಡುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಪೈಲಟ್ಟಿನ ಹೆಡ್‌ಫೋನಿನಲ್ಲಿ ‘ಟಿರ್ ಟಿರ್’ ಸದ್ದು ಬರಬಹುದು. ಹಳೇ ಮೊಬೈಲನ್ನು ರೇಡಿಯೊ ಪಕ್ಕ ಇಟ್ಟವರಿಗೆ ಆ ಸದ್ದು ಗೊತ್ತು. ಆದರೆ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 1991ರಲ್ಲಿ ಆಕಾಶದಲ್ಲಿ ಸೆಲ್‌ಫೋನ್ ಬೇಡ ಎಂದಾಗ ಅದರ ಮುಖ್ಯ ಚಿಂತೆ ನೆಲದ ಮೇಲಿನ ಟವರ್‌ಗಳದ್ದಾಗಿತ್ತು.

ಇರುವ ತರಂಗಾಂತರಗಳು ಕೆಲವೇ, ಮಾತಾಡುವವರು ಕೋಟಿಗಟ್ಟಲೆ. ಹಾಗಾಗಿ ಒಂದು ಟವರ್ ಬಳಸಿದ ತರಂಗಾಂತರವನ್ನೇ ತುಸು ದೂರದ ಇನ್ನೊಂದು ಟವರ್ ಮತ್ತೆ ಬಳಸುತ್ತದೆ, ನಮ್ಮ ಹಳ್ಳಿಗರ ಹೆಸರಿನ ಹಾಗೆ. ಊರಿಗೊಬ್ಬ ಬಸವ ಇದ್ದೇ ಇರುತ್ತಾನೆ. ಅಂಗಳದಲ್ಲಿ ನಿಂತು ‘ಬಸವಾ’ ಅಂದರೆ ನಮ್ಮೂರಿನವನು ಮಾತ್ರ ಓಗೊಡುತ್ತಾನೆ, ಪಕ್ಕದೂರಿನವನಿಗೆ ಕೇಳಿಸುವುದೇ ಇಲ್ಲ. ಗುಡ್ಡ ಹತ್ತಿ ಕೂಗಿ ನೋಡಿ: ಹತ್ತೂರ ಬಸವಂದಿರು ಒಟ್ಟಿಗೆ ತಲೆಯೆತ್ತುತ್ತಾರೆ! ವಿಮಾನದಲ್ಲಿರುವ ಫೋನು ಗುಡ್ಡ ಹತ್ತಿದ ಆಸಾಮಿ. ನೆಲದಲ್ಲಾದರೆ ಮನೆ, ಮರ, ದಿಬ್ಬಗಳು ಅದರ ದನಿಯನ್ನು ತಡೆಯುತ್ತವೆ. ಮೇಲೆ ತಡೆಯುವುದೇನೂ ಇಲ್ಲ.

ಇದಕ್ಕೆ ಪರಿಹಾರವೂ ಸಿಕ್ಕಿತು. ವಿಮಾನದೊಳಗೇ ಪುಟ್ಟ ಟವರ್ ಇಟ್ಟರೆ ಫೋನು ಪಿಸುಗುಟ್ಟಿದರೆ ಸಾಕು, ಮುಂದಿನದನ್ನು ಉಪಗ್ರಹ ನೋಡಿಕೊಳ್ಳುತ್ತದೆ. 2008ರಲ್ಲೇ ಎಮಿರೇಟ್ಸ್ ವಿಮಾನದಲ್ಲಿ ಜನ ಹೀಗೆ ಮಾತಾಡಿದರು. ನಮ್ಮಲ್ಲೂ 2018ರ ನಿಯಮ 3000 ಮೀಟರ್ ಮೇಲೆ ಇದಕ್ಕೆ ಅವಕಾಶ ಕೊಟ್ಟಿದೆ.

ಹಾಗಿದ್ದೂ 2013ರಲ್ಲಿ ಎಫ್‌ಸಿಸಿ ನಿಷೇಧ ಸಡಿಲಿಸಲು ಹೊರಟಾಗ ಅಮೆರಿಕದಲ್ಲಿ ಗದ್ದಲವೆದ್ದಿತು. ವಿಮಾನದ ಸಿಬ್ಬಂದಿಯೇ ವಿರೋಧಿಸಿದರು. 2018ರಲ್ಲಿ ಅಲ್ಲಿನ ಸಂಸತ್ತು ಧ್ವನಿ ಕರೆ ನಿಷೇಧಿಸುವ ನಿಯಮ ತನ್ನಿ ಎಂದು ಸಾರಿಗೆ ಇಲಾಖೆಗೆ ಹೇಳಿತು. 2020ರಲ್ಲಿ ಎಫ್‌ಸಿಸಿ ತನ್ನ ಪ್ರಸ್ತಾವವನ್ನೇ ಕೈಬಿಟ್ಟಿತು. ಈ ಜಗಳದಲ್ಲಿ ಟವರ್‌ಗಿಂತ ಹೆಚ್ಚು ಸದ್ದು ಮಾಡಿದ್ದು ಪಕ್ಕದ ಸೀಟಿನವರ ಬಾಯಿ.

ಇದು ಬರೀ ಸಿಡುಕಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರು 2010ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ ಓಡುವ ಚುಕ್ಕಿಯನ್ನು ಮೌಸ್‌ನಿಂದ ಬೆನ್ನಟ್ಟುವ ಕೆಲಸ. ಇಬ್ಬರ ಪೂರ್ತಿ ಸಂಭಾಷಣೆ ಕೇಳಿಸಿದಾಗ ಜನ ತಪ್ಪಲಿಲ್ಲ. ಒಬ್ಬರ ಮಾತಷ್ಟೇ ಕೇಳಿಸಿದಾಗ ತಪ್ಪಿದರು. ‘ಹೌದಾ?... ಅಯ್ಯೋ!... ಅವಳಿಗೆ ಗೊತ್ತಾಯ್ತಾ?’ ಎಂಬ ಅರೆಮಾತಿನ ಇನ್ನರ್ಧವನ್ನು ಮಿದುಳು ಬೇಡವೆಂದರೂ ಊಹಿಸುತ್ತಾ ಕೂರುತ್ತದೆ. ಪದಗಳು ತಿಳಿಯದಂತೆ ಅದೇ ದನಿಯನ್ನು ಮಸುಕಾಗಿಸಿ ಕೇಳಿಸಿದಾಗ ಕಾಟ ತಪ್ಪಿತು. ಇನ್ನು, ಆ ‘ಅವಳು’ ಯಾರೆಂದು ತಿಳಿಯುವ ಮೊದಲೇ ವಿಮಾನ ಇಳಿದರಂತೂ ಮುಗಿದೇ ಹೋಯಿತು.